ಇಲ್ಲದ್ದನ್ನು ಹುಡುಕುವ ದೀಪ

ಮಲೆನಾಡಿನಲ್ಲಿ ಹಳೆಯ ಓಮ್ನಿ ಇಟ್ಟುಕೊಂಡ ಎಷ್ಟೋ ಮನೆಯವರು ಅದನ್ನು ಅಂಗಳದಲ್ಲಿ ನಿಲ್ಲಿಸುವುದಿಲ್ಲ. ಮನೆಯಿಂದ ರಸ್ತೆಗಿಳಿಯುವ ಇಳಿಜಾರಿನಲ್ಲಿ, ಚಕ್ರಕ್ಕೊಂದು ಕಲ್ಲು ಕೊಟ್ಟು ನಿಲ್ಲಿಸುತ್ತಾರೆ. ಬೆಳಿಗ್ಗೆ ಕಲ್ಲು ತೆಗೆದು, ಕೀ ಆನ್ ಮಾಡಿ, ಕ್ಲಚ್ ಒತ್ತಿ ಎರಡನೇ ಗೇರಿಗೆ ಹಾಕಿ, ವ್ಯಾನು ನಾಲ್ಕು ಮಾರು ಉರುಳಿದ ಮೇಲೆ ಕ್ಲಚ್ ಬಿಟ್ಟರೆ ಇಂಜಿನ್ ಒಮ್ಮೆ ಕೆಮ್ಮಿ ಎದ್ದುಕೊಳ್ಳುತ್ತದೆ. ಸೆಲ್ಫ್ ಸ್ಟಾರ್ಟರ್ ಕೆಲಸ ಮಾಡುತ್ತದೋ ಇಲ್ಲವೋ ಎಂದು ಕೇಳುವುದನ್ನೇ ಆ ಮನೆಯವರು ಬಿಟ್ಟಿರುತ್ತಾರೆ. ಗುಡ್ಡ ಇರುವವರೆಗೆ ಬ್ಯಾಟರಿಯ ಚಿಂತೆ ಏಕೆ?

ಇದನ್ನು ಸೋಮಾರಿತನ ಎನ್ನಲು ನನಗೆ ಮನಸ್ಸಿಲ್ಲ. ಏನೆಂದು ಗೊತ್ತಿಲ್ಲದ ದೋಷದ ಜೊತೆ ವರ್ಷಗಟ್ಟಲೆ ಹೊಂದಿಕೊಂಡು ಬಾಳುವುದಕ್ಕೂ ಒಂದು ಜಾಣತನ ಬೇಕು. ಆದರೆ ಮದುವೆ ಛತ್ರದ ಎದುರಿನ ಬಯಲು ಸಪಾಟಾಗಿರುತ್ತದೆ. ಊಟ ಮುಗಿಸಿ, ತಾಂಬೂಲದ ಚೀಲ ಹಿಡಿದು, ಹೆಂಗಸರು ಮಕ್ಕಳೆಲ್ಲ ಹತ್ತಿ ಕೂತ ಮೇಲೆ ಕೀ ತಿರುಗಿಸಿದರೆ ಒಂದು 'ಟಕ್'. ಮತ್ತೆ ತಿರುಗಿಸಿದರೆ ಮತ್ತೊಂದು 'ಟಕ್'. ಅಷ್ಟೇ.

ಆಗ ವ್ಯಾನಿನ ಸುತ್ತ ಸಭೆ ಸೇರುತ್ತದೆ. "ಬ್ಯಾಟರಿ ಡೌನ್ ಮಾರಾಯ್ರೆ, ಬೇರೆಂತ ಅಲ್ಲ" ಎಂದು ಒಬ್ಬರು. "ಸೆಲ್ಫ್ ಮೋಟರೇ ಹೋಗಿದೆ, ನಮ್ಮದಕ್ಕೂ ಹೀಗೇ ಆಗಿತ್ತು" ಎಂದು ಇನ್ನೊಬ್ಬರು. ಮೂರನೆಯವರು ಪ್ರಯೋಗವಾದಿ: "ಹಾರ್ನ್ ಹೊಡೀರಿ, ನೋಡುವ." ಹಾರ್ನ್ ಛತ್ರದ ಒಳಗಿನವರಿಗೂ ಕೇಳುವಷ್ಟು ಜೋರಾಗಿ ಕೂಗುತ್ತದೆ. "ಹಾಂ, ಹಾಗಾದ್ರೆ ಬ್ಯಾಟರಿ ಸರಿ ಉಂಟು." ಸಭೆ ತಲೆಯಾಡಿಸುತ್ತದೆ.

ನಮ್ಮ ತರ್ಕಶಾಸ್ತ್ರದವರು ಇಂಥದ್ದನ್ನು ಹೇತ್ವಾಭಾಸ ಎಂದು ಕರೆದರು. ನೋಡಲು ಕಾರಣದ ಹಾಗೇ ಇರುತ್ತದೆ, ಆದರೆ ತೀರ್ಮಾನವನ್ನು ಹೊರುವ ಶಕ್ತಿ ಇರುವುದಿಲ್ಲ. ಹಾರ್ನಿಗೆ ಬೇಕಾಗುವುದು ನಾಲ್ಕೈದು ಆಂಪಿಯರ್. ತಣ್ಣಗಿರುವ ಇಂಜಿನ್ನನ್ನು ತಿರುಗಿಸುವ ಸೆಲ್ಫ್ ಎಳೆಯುವುದು ನೂರು ಆಂಪಿಯರಿನ ಆಸುಪಾಸು. ಬ್ಯಾಟರಿ ಗಟ್ಟಿಯಿದ್ದಾಗಲೂ ಹಾರ್ನ್ ಕೂಗುತ್ತದೆ, ಮುಕ್ಕಾಲು ಇಳಿದಾಗಲೂ ಕೂಗುತ್ತದೆ. ಎರಡೂ ಪಕ್ಷಕ್ಕೆ ಸಾಕ್ಷಿ ಹೇಳುವ ಇಂಥ ಹೇತುವಿಗೆ ಅನೈಕಾಂತಿಕ ಎಂದು ಹೆಸರು. ಸಭೆಯಲ್ಲಿದ್ದವರಿಗೆ ಈ ಹೆಸರು ಗೊತ್ತಿರಬೇಕಾಗಿಲ್ಲ. ಆದರೆ ಆ ಹಾರ್ನಿನ ಮಾತು ನಂಬಿ ಒಳ್ಳೆಯ ಸೆಲ್ಫ್ ಮೋಟರನ್ನು ಬಿಚ್ಚಿಸಿ ದುಡ್ಡು ಕಳೆದುಕೊಂಡವರು ಎಲ್ಲ ಊರಲ್ಲೂ ಇದ್ದಾರೆ.

ಓಮ್ನಿಯ ವಿಷಯ ಸ್ವಲ್ಪ ಹೇಳಬೇಕು. ಮಾರುತಿ ಕಂಪನಿ 1984ರಲ್ಲಿ ಇದನ್ನು ತಂದಾಗ ಹೆಸರು ಬರೀ 'ಮಾರುತಿ ವ್ಯಾನ್'; 1988ರಲ್ಲಿ ಓಮ್ನಿ ಎಂದಾಯಿತು; ಹೊಸ ಸುರಕ್ಷತಾ ನಿಯಮಗಳಿಗೆ ಹೊಂದಲಾರದೆ 2019ರಲ್ಲಿ ತಯಾರಿಕೆ ನಿಂತಿತು. ಮೂರು ಸಿಲಿಂಡರಿನ 796 ಸಿಸಿ ಇಂಜಿನ್, ಅದೂ ಮುಂದಿನ ಸೀಟಿನ ಕೆಳಗೆ. ಬೇರೆ ಕಾರು ಕೆಟ್ಟರೆ ಬಾನೆಟ್ ಎತ್ತುತ್ತಾರೆ. ಓಮ್ನಿ ಕೆಟ್ಟರೆ ಮುಂದೆ ಕೂತ ಹಿರಿಯರನ್ನು ಇಳಿಸಿ ಸೀಟು ಎತ್ತಬೇಕು. ಶಾಲೆಯ ಮಕ್ಕಳು, ಹಾಲಿನ ಕ್ಯಾನು, ಅಡಿಕೆ ಮೂಟೆ, ಬಾಣಂತಿ, ಹೆಣ, ಎಲ್ಲವನ್ನೂ ಇದು ಹೊತ್ತಿದೆ. ನಮ್ಮ ಸಿನಿಮಾಗಳಲ್ಲಿ ನಾಯಕಿಯನ್ನು ಅಪಹರಿಸಲು ಬರುವವರಿಗೂ ಸರಿಸುವ ಬಾಗಿಲಿನ ಈ ವ್ಯಾನೇ ಬೇಕಿತ್ತು. ಆ ದೃಶ್ಯಗಳಲ್ಲಿ ಅದು ಒಮ್ಮೆಯೂ ಸ್ಟಾರ್ಟ್ ಆಗದೆ ನಿಂತದ್ದನ್ನು ನಾನು ನೋಡಿಲ್ಲ.

ಅಂಬಾಸಡರ್, ಜೀಪುಗಳ ಕಾಲದಲ್ಲಿ ಡಿಕ್ಕಿಯಲ್ಲೊಂದು ಹ್ಯಾಂಡಲ್ ಇರುತ್ತಿತ್ತು. ಮುಂದಿನಿಂದ ತೂರಿಸಿ ಸುತ್ತಿದರೆ ಇಂಜಿನ್ನಿನ ಭಾರ ಎಷ್ಟೆಂದು ತೋಳಿಗೇ ತಿಳಿಯುತ್ತಿತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ನಿಧಾನವಾಗಿ ಎಲ್ಲ ಕಡೆ ಹಬ್ಬಿದ ಮೇಲೆ ತೋಳಿನ ಕೆಲಸ ಕೊನೆಗೆ ಒಂದು ಕೀಲಿಗೆ ಹೋಯಿತು. ಅದರ ಜೊತೆಗೆ ತೋಳಿನ ತಿಳಿವಳಿಕೆಯೂ ಹೋಯಿತು. ಈಗ ನಾವು ತಿರುಗಿಸುವುದು ಬೆರಳಿಗೆ ಭಾರವೇ ಇಲ್ಲದ ಒಂದು ತುಂಡು ಲೋಹ. ಅದರಾಚೆ ಏನು ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಕಾಣದು.

ಕಾಣದು ಎನ್ನುವಾಗಲೇ ತೊಡಕು ಶುರುವಾಗುತ್ತದೆ. ಟಯರ್ ಪಂಕ್ಚರ್ ಆದರೆ ಮೊಳೆ ಕಾಣುತ್ತದೆ, ರೇಡಿಯೇಟರ್ ಸೋರಿದರೆ ನೀರು ಕಾಣುತ್ತದೆ. ವಿದ್ಯುತ್ತಿನ ದೋಷದಲ್ಲಿ ಕಾಣುವ ವಸ್ತು ಏನೂ ಇಲ್ಲ. ಆಗಬೇಕಾದ್ದು ಆಗಲಿಲ್ಲ, ಬರಬೇಕಾದ್ದು ಬರಲಿಲ್ಲ, ಅಷ್ಟೇ. ಎಲೆಕ್ಟ್ರಿಷಿಯನ್ ಹುಡುಕುವುದು ಒಂದು ಅಭಾವವನ್ನು. ಇಲ್ಲದಿರುವುದನ್ನು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ದೇಶದ ದಾರ್ಶನಿಕರು ಕೊಟ್ಟಷ್ಟು ಗಮನವನ್ನು ಬೇರೆ ಕಡೆಯವರು ಕೊಟ್ಟಂತೆ ನನಗೆ ಕಾಣುವುದಿಲ್ಲ. ನ್ಯಾಯ ವೈಶೇಷಿಕರು ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿ ಅದರಲ್ಲಿ ನಾಲ್ಕು ಬಗೆ ಮಾಡಿದರು: ಹುಟ್ಟುವ ಮೊದಲಿನ ಇಲ್ಲದಿರುವಿಕೆ, ನಾಶವಾದ ನಂತರದ್ದು, ಎಂದೂ ಇಲ್ಲದ್ದು, ಒಂದು ಇನ್ನೊಂದಲ್ಲದಿರುವುದು. ತರ್ಕದ ಮೊದಲ ಪಾಠ ಓದುವ ಹುಡುಗರಿಗೆ ಇದನ್ನು ಕಲಿಸಲು ಬಳಸುವ ಉದಾಹರಣೆ ನೆಲ ಮತ್ತು ಗಡಿಗೆಯದು. ನೆಲದ ಮೇಲೆ ಗಡಿಗೆ ಇಲ್ಲ ಎನ್ನುವಾಗ, ಇಲ್ಲದಿರುವುದು ಯಾವುದು ಮತ್ತು ಎಲ್ಲಿ ಇಲ್ಲ, ಇವೆರಡನ್ನೂ ಹೇಳಿದರೆ ಮಾತ್ರ ಆ ಅಭಾವಕ್ಕೆ ರೂಪ ಬರುತ್ತದೆ. ಬರಿದೇ ಇಲ್ಲ ಎಂದರೆ ಏನೂ ಹೇಳಿದಂತಲ್ಲ.

"ಕರೆಂಟು ಇಲ್ಲ" ಎಂದು ಮಾಲೀಕ ಹೇಳಿದಾಗ ಒಳ್ಳೆಯ ಎಲೆಕ್ಟ್ರಿಷಿಯನ್ ಕೇಳುವುದೂ ಅದನ್ನೇ: ಎಲ್ಲಿ ಇಲ್ಲ? ಬ್ಯಾಟರಿಯ ತಲೆಯಲ್ಲೇ ಇಲ್ಲವೇ, ಕ್ಲ್ಯಾಂಪಿನಲ್ಲಿ ಇಲ್ಲವೇ, ಇಗ್ನಿಷನ್ ಸ್ವಿಚ್ಚಿಗೆ ಬಂದು ಮುಂದೆ ಹೋಗುತ್ತಿಲ್ಲವೇ, ಸೆಲ್ಫಿಗೆ ದೊಡ್ಡ ಕರೆಂಟು ಬಿಡುವ ಸ್ವಿಚ್ಚಾದ ಸೊಲೆನಾಯ್ಡಿನವರೆಗೆ ಬಂದು ಮೋಟರಿಗೆ ದಾಟುತ್ತಿಲ್ಲವೇ? ಶಬ್ದಗಳಲ್ಲೇ ಅರ್ಧ ಉತ್ತರ ಇರುತ್ತದೆ. ಕೀ ತಿರುಗಿಸಿದಾಗ 'ಟಕಟಕಟಕ' ಎಂದು ಸಾಲಾಗಿ ಬಡಿದರೆ ಬ್ಯಾಟರಿ ಬಡವಾಗಿದೆ ಅಥವಾ ಕ್ಲ್ಯಾಂಪು ಹಿಡಿಯುತ್ತಿಲ್ಲ. ಒಂದೇ ಗಟ್ಟಿ 'ಟಕ್' ಬಂದು ನಿಂತರೆ ಸಂಶಯ ಸೊಲೆನಾಯ್ಡಿನ ಕಾಂಟ್ಯಾಕ್ಟು, ಮೋಟರಿನ ಕಾರ್ಬನ್ ಬ್ರಷ್ಷು ಅಥವಾ ದಪ್ಪ ಕೇಬಲ್ಲಿನ ತುದಿಯ ಕಡೆಗೆ ಹೊರಳುತ್ತದೆ. ಸದ್ದೇ ಇಲ್ಲದಿದ್ದರೆ ಸ್ವಿಚ್ಚಿನಿಂದ ಹೊರಟ ಸಣ್ಣ ವೈರಿನ ದಾರಿ ನೋಡಬೇಕು, ಇಲಿ ಕಚ್ಚಿರಬಹುದು. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ ನೋಡುವುದು ಇನ್ನೂ ಒಳ್ಳೆಯದು. ಬೆಳಕು ಪೂರ್ತಿ ನಂದಿದರೆ ಕೇಳಿದಷ್ಟು ಕೊಡಲು ಬ್ಯಾಟರಿಗೆ ಆಗುತ್ತಿಲ್ಲ, ಅಥವಾ ಕ್ಲ್ಯಾಂಪು ಹಿಡಿಯುತ್ತಿಲ್ಲ. ಬೆಳಕು ಕದಲದೆ ನಿಂತರೆ ಕೇಳುವವರೇ ಇಲ್ಲ, ದಾರಿ ಎಲ್ಲೋ ಕಡಿದಿದೆ.

ನಾನು ನೋಡಿ ಬಲ್ಲ ಒಬ್ಬ ಎಲೆಕ್ಟ್ರಿಷಿಯನ್ ಅಂಗಡಿಯಲ್ಲಿ ಡಿಜಿಟಲ್ ಮೀಟರು ಇದೆ. ಆದರೂ ಅವರು ಮೊದಲು ಕೈಗೆತ್ತಿಕೊಳ್ಳುವುದು ಟೆಸ್ಟ್ ಲ್ಯಾಂಪನ್ನು: ಹಳೆಯ ಹೋಲ್ಡರಿನಲ್ಲಿ 21 ವ್ಯಾಟಿನ ಇಂಡಿಕೇಟರ್ ಬಲ್ಬು, ಎರಡು ವೈರು, ಒಂದಕ್ಕೆ ಕ್ಲಿಪ್ಪು, ಇನ್ನೊಂದಕ್ಕೆ ದಬ್ಬಳದಂಥ ಮೊನೆ. ಅದನ್ನು ಸಂಶಯದ ವೈರಿಗೆ ಮುಟ್ಟಿಸುವ ಮೊದಲು ಅವರು ಬ್ಯಾಟರಿಯ ಎರಡು ತಲೆಗೆ ಮುಟ್ಟಿಸುತ್ತಾರೆ. ಬಲ್ಬು ಉರಿಯುತ್ತದೆ. ಆಮೇಲೆ ಸಂಶಯದ ಜಾಗ. ಅಲ್ಲಿ ಉರಿಯದಿದ್ದರೆ, ಮತ್ತೆ ಒಮ್ಮೆ ಬ್ಯಾಟರಿಗೆ ಮುಟ್ಟಿಸಿ ನೋಡುತ್ತಾರೆ. ನೋಡುವವರಿಗೆ ಇದು ಪೂಜೆಯ ಕ್ರಮದಂತೆ ಅನವಶ್ಯಕ ಎನಿಸಬಹುದು. ಆದರೆ ಬಲ್ಬು ಉರಿಯದಿರಲು ಎರಡು ಕಾರಣ ಉಂಟು. ವೈರಿನಲ್ಲಿ ಕರೆಂಟು ಇಲ್ಲದಿರಬಹುದು, ಅಥವಾ ಬಲ್ಬೇ ಸತ್ತಿರಬಹುದು. ಈ ಎರಡನ್ನು ಬೇರ್ಪಡಿಸದೆ 'ಇಲ್ಲ' ಎನ್ನುವ ಹಕ್ಕು ಅವರಿಗೆ ಬರುವುದಿಲ್ಲ.

ಏಳನೇ ಶತಮಾನದ ಕುಮಾರಿಲ ಭಟ್ಟರ ಪರಂಪರೆಯ ಮೀಮಾಂಸಕರು ಹಿಡಿದದ್ದು ಈ ಎಳೆಯನ್ನೇ. ಕಾಣದಿರುವುದು ಕೂಡ ಅರಿವಿನ ಒಂದು ಸಾಧನ, ಒಂದು ಪ್ರಮಾಣ; ಅದರ ಹೆಸರು ಅನುಪಲಬ್ಧಿ, ಎಂದರು. ಆದರೆ ಅದಕ್ಕೊಂದು ಷರತ್ತು ಕಟ್ಟಿದರು. ಇದ್ದಿದ್ದರೆ ಕಾಣಲೇಬೇಕಾದ ಸ್ಥಿತಿ ಇರಬೇಕು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆ ಇಲ್ಲ ಎನ್ನುವಂತಿಲ್ಲ. ಬೆಳಕಿದೆ, ಕಣ್ಣು ಚೆನ್ನಾಗಿದೆ, ಅಡ್ಡ ಏನೂ ಇಲ್ಲ, ಆದರೂ ಕಾಣಲಿಲ್ಲ ಎಂದಾಗ ಮಾತ್ರ ಕಾಣದಿರುವುದಕ್ಕೆ ಬೆಲೆ. ಇದು ಯೋಗ್ಯಾನುಪಲಬ್ಧಿ. ನೈಯಾಯಿಕರು ಇದನ್ನು ಬೇರೆ ಪ್ರಮಾಣವೆಂದು ಒಪ್ಪಲಿಲ್ಲ. ಪ್ರಮಾಣ ಮೂರೇ ಎಂದ ಉಡುಪಿಯ ಮಧ್ವರ ಸಿದ್ಧಾಂತದಲ್ಲೂ ಇದಕ್ಕೆ ಪ್ರತ್ಯೇಕ ಮಣೆಯಿಲ್ಲ. ಆ ವಾದ ಅವರಲ್ಲೇ ಇರಲಿ. ಷರತ್ತು ಮಾತ್ರ ಎಲ್ಲರಿಗೂ ಬೇಕಾದದ್ದು. ಅಂಗಡಿಯಲ್ಲಿ ಬ್ಯಾಟರಿಗೆ ಬಲ್ಬು ಮುಟ್ಟಿಸಿ ನೋಡುವ ಮನುಷ್ಯ ತನ್ನ 'ಕಾಣದಿರುವಿಕೆ'ಗೆ ಯೋಗ್ಯತೆ ಗಳಿಸಿಕೊಡುತ್ತಿದ್ದಾನೆ. ನಾವು ದಿನವೂ ಎಷ್ಟು ಸುಲಭವಾಗಿ ಈ ಷರತ್ತನ್ನು ಮರೆಯುತ್ತೇವೆ ನೋಡಿ. ಊರಲ್ಲಿ ಜಾತಿಯ ಕಿರಿಕಿರಿ ಈಗ ಎಲ್ಲೂ ಕಾಣುವುದಿಲ್ಲ ಎನ್ನುವವರಿಗೆ, ಇದ್ದಿದ್ದರೆ ನಿಮಗೆ ಕಾಣುವ ಜಾಗದಲ್ಲಿ ನೀವು ನಿಂತಿದ್ದಿರಾ ಎಂದು ಯಾರೂ ಕೇಳುವುದಿಲ್ಲ.

ಇನ್ನು ಮೀಟರಿಗಿಂತ ಬಲ್ಬು ಏಕೆ? ಮೀಟರು ಸುಳ್ಳು ಹೇಳುವುದಿಲ್ಲ, ಆದರೆ ತೀರ ಸಂಕೋಚದ ಪ್ರಾಣಿ. ಅದರ ಒಳಗಿನ ತಡೆ ಸಾಮಾನ್ಯವಾಗಿ ಒಂದು ಕೋಟಿ ಓಮ್. 12 ವೋಲ್ಟಿನಲ್ಲಿ ಅದು ಎಳೆಯುವುದು ಒಂದು ಆಂಪಿಯರಿನ ಹತ್ತು ಲಕ್ಷದಲ್ಲೊಂದು ಪಾಲು. ಹತ್ತಾರು ಎಳೆಯ ತಾಮ್ರದ ವೈರು ಹಸಿರುಗಟ್ಟಿ ತಿಂದುಹೋಗಿ ಆ ಹಸಿರಿನ ಮೂಲಕ ಅರೆಬರೆ ಸಂಪರ್ಕವಷ್ಟೇ ಉಳಿದಿದ್ದರೂ ಅಷ್ಟು ಸಣ್ಣ ಬೇಡಿಕೆಯನ್ನು ಅದು ಪೂರೈಸುತ್ತದೆ. ಮೀಟರಿನಲ್ಲಿ 12.6 ಎಂದು ತೋರುತ್ತದೆ, ಎಲ್ಲ ಕ್ಷೇಮ. ಅದೇ ಜಾಗಕ್ಕೆ ಬಲ್ಬು ಮುಟ್ಟಿಸಿ. ಅದು ಒಂದೂಮುಕ್ಕಾಲು ಆಂಪಿಯರ್ ಕೇಳುತ್ತದೆ. ಆ ಅರೆಬರೆ ಸಂಪರ್ಕಕ್ಕೆ ಅದನ್ನು ಹೊರಲಾಗದು. ಬಲ್ಬಿನೊಳಗೆ ಕೆಂಪಗಿನ ಒಂದು ಗೀರು ಮೂಡಿ ಅಷ್ಟಕ್ಕೇ ನಿಲ್ಲುತ್ತದೆ. ತೋಟಕ್ಕೆ ನೀರು ಬಿಡುವವರಿಗೆ ಇದು ಬೇಗ ಅರ್ಥವಾದೀತು. ಪೈಪು ಎಲ್ಲೋ ಮಡಚಿಕೊಂಡಿದ್ದರೂ ತುದಿಯ ನಲ್ಲಿ ಮುಚ್ಚಿರುವವರೆಗೆ ಒತ್ತಡ ಪೂರ್ತಿಯಾಗೇ ಇರುತ್ತದೆ. ನಲ್ಲಿ ತಿರುಗಿಸಿದ ಮೇಲೆಯೇ ತೊಟ್ಟಿಕ್ಕುವುದು.

ಇಲ್ಲಿ ಬಲ್ಬನ್ನು ಹೊಗಳಿ ಮುಗಿಸಿಬಿಡುವ ಆಸೆಯಾಗುತ್ತದೆ. ಆದರೆ ಬಲ್ಬಿನ ಯೋಗ್ಯತೆಗೂ ಒಂದು ಮೇರೆಯಿದೆ. ಬ್ಯಾಟರಿಯಿಂದ ಸೆಲ್ಫಿಗೆ ಹೋಗುವ ದಪ್ಪ ಕೇಬಲ್ಲಿನ ತುದಿಯಲ್ಲಿ, ಸೀಸದ ಗೂಟಕ್ಕೂ ಕ್ಲ್ಯಾಂಪಿಗೂ ನಡುವೆ ಕಣ್ಣಿಗೆ ಕಾಣದ ಒಂದು ಪೊರೆ ಕೂತು 0.03 ಓಮ್ ತಡೆ ಒಡ್ಡಿದೆ ಎಂದುಕೊಳ್ಳಿ. ಬಲ್ಬಿನ ಪಾಲಿಗೆ ಅದು ಏನೂ ಅಲ್ಲ, ಒಂದು ವೋಲ್ಟಿನ ಇಪ್ಪತ್ತರಲ್ಲೊಂದು ಭಾಗ ಹೋದೀತು. ಬಲ್ಬು ಝಗ್ಗನೆ ಉರಿಯುತ್ತದೆ. ಮೀಟರನ್ನು ಓಮಿಗೆ ತಿರುಗಿಸಿ ಅಳೆದರೂ ಸಿಗದು, ಏಕೆಂದರೆ ಮೀಟರಿನ ವೈರುಗಳದ್ದೇ ಅದಕ್ಕಿಂತ ಹೆಚ್ಚು ತಡೆ. ಆದರೆ ನೂರು ಆಂಪಿಯರ್ ಎಳೆಯುವ ಸೆಲ್ಫಿಗೆ, 1827ರಲ್ಲಿ ಗಿಯೋರ್ಗ್ ಓಮ್ ಪ್ರಕಟಿಸಿದ ಲೆಕ್ಕದ ಪ್ರಕಾರ, ಆ ಪೊರೆಯೊಂದರಲ್ಲೇ 3 ವೋಲ್ಟ್ ಸೋರಿಹೋಗುತ್ತದೆ. ಉಳಿದದ್ದರಲ್ಲಿ ಇಂಜಿನ್ ಏಳುವುದಿಲ್ಲ. ತಮಾಷೆಯೆಂದರೆ ಹೊರಗೆ ಕಾಣುವ ಬಿಳಿ, ನೀಲಿ ಪುಡಿಗೆ ಬಿಸಿನೀರು ಹೊಯ್ದು ತೊಳೆದು ವ್ಯಾಸಲಿನ್ ಸವರಿ ಎಲ್ಲರೂ ಸಮಾಧಾನಪಡುತ್ತಾರೆ. ಪುಡಿ ಮೆತ್ತಿದ ಟರ್ಮಿನಲ್ ಎಷ್ಟೋ ಸಲ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ಹೊರಗೆ ಲಕಲಕ ಹೊಳೆಯುವ ಕ್ಲ್ಯಾಂಪಿನ ಒಳಮೈಯಲ್ಲಿ ರೋಗ ಇರುತ್ತದೆ.

ಹಾಗಾದರೆ ಆ ಪೊರೆಯನ್ನು ಹಿಡಿಯುವುದು ಹೇಗೆ? ಸೆಲ್ಫೇ ಕೇಳಬೇಕು, ನೂರು ಆಂಪಿಯರಿನ ಧ್ವನಿಯಲ್ಲಿ. ಒಬ್ಬರು ಕೀ ತಿರುಗಿಸಿ ಹಿಡಿಯುತ್ತಾರೆ. ಇನ್ನೊಬ್ಬರು ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಗೂಟದ ಮೇಲೆ, ಇನ್ನೊಂದನ್ನು ಅದೇ ಗೂಟ ಹಿಡಿದ ಕ್ಲ್ಯಾಂಪಿನ ಮೇಲೆ ಇಡುತ್ತಾರೆ. ಎರಡರ ನಡುವೆ ಒಂದು ನೂಲಿನಷ್ಟೂ ಅಂತರವಿಲ್ಲ. ಮೀಟರು ಹೆಚ್ಚುಕಡಿಮೆ ಸೊನ್ನೆ ತೋರಬೇಕು. 0.2 ವೋಲ್ಟಿನ ಮೇಲೆ ಏರಿದರೆ, ಒಂದೇ ಎಂದು ನಂಬಿದ್ದ ಆ ಎರಡು ಲೋಹಗಳ ನಡುವೆ ಬಿರುಕಿದೆ. ನನಗೆ ಈ ಪರೀಕ್ಷೆ ಬಹಳ ಇಷ್ಟ. ಇದು ಸಂಶಯಪಡುವುದು ಕೆಟ್ಟ ಭಾಗವನ್ನಲ್ಲ, ಕೂಡಿದೆ ಎಂದು ಎಲ್ಲರೂ ಒಪ್ಪಿಬಿಟ್ಟ ಜಾಗವನ್ನು. ಇಲ್ಲಿಯೂ ಯೋಗ್ಯತೆಯ ಷರತ್ತು ತಪ್ಪದು. ಕೀ ತಿರುಗಿಸುವವನು ಮರೆತು ಸುಮ್ಮನೆ ಕೂತಿದ್ದರೆ ಕರೆಂಟೇ ಹರಿಯುವುದಿಲ್ಲ, ಆಗಲೂ ಮೀಟರು ಸೊನ್ನೆಯೇ. ಆರೋಗ್ಯದ ಸೊನ್ನೆ, ಸಾವಿನ ಸೊನ್ನೆ ಎರಡೂ ಪರದೆಯ ಮೇಲೆ ಒಂದೇ ಥರ.

ಹೃದಯದ ವೈದ್ಯರು ಮಲಗಿಸಿ ತೆಗೆದ ಇಸಿಜಿ ಸರಿಯಿದ್ದರೂ ಟ್ರೆಡ್‌ಮಿಲ್ಲಿನ ಮೇಲೆ ಓಡಿಸಿ ನೋಡುವುದು ಇದೇ ತತ್ತ್ವದ ಮೇಲೆ. ವಿಶ್ರಾಂತಿಯಲ್ಲಿರುವ ಹೃದಯ ಏನನ್ನೂ ಒಪ್ಪಿಕೊಳ್ಳದಿರಬಹುದು. ಆದರೆ ಹೊರೆ ಹೊರಿಸಿ ಸತ್ಯ ತಿಳಿಯುವ ಈ ದಾರಿಗೆ ತನ್ನದೇ ಪಾಪ ಉಂಟು. ಇಳಿದ ಬ್ಯಾಟರಿಯನ್ನು ಪರೀಕ್ಷಿಸಿ ಪರೀಕ್ಷಿಸಿಯೇ ಪೂರ್ತಿ ಕೊಲ್ಲಬಹುದು. ಸೀಸದ ಬ್ಯಾಟರಿ ಒಮ್ಮೆ ತಳ ಕಂಡರೆ ಅದರ ಆಯಸ್ಸೇ ಕಡಿಮೆಯಾಗುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹಿಡಿದರೆ ಮೋಟರಿನ ಸುರುಳಿ ಸುಡತೊಡಗುತ್ತದೆ, ನಡುವೆ ಬಿಡುವು ಕೊಡಬೇಕು. ಮನುಷ್ಯರ ವಿಷಯದಲ್ಲಿ ನಾವು ಆ ಬಿಡುವನ್ನೂ ಕೊಡುವುದಿಲ್ಲ. ಮರೆವಿನ ಕಾಯಿಲೆ ಬಂದ ಹಿರಿಯರ ಮುಂದೆ ಬಂಧುಗಳು ಒಬ್ಬೊಬ್ಬರಾಗಿ ಬಂದು ಕೂತು, "ನನ್ನ ಗುರುತು ಸಿಕ್ತಾ ದೊಡ್ಡಪ್ಪಾ? ನಾನ್ಯಾರು ಹೇಳಿ ನೋಡುವ" ಎನ್ನುವುದನ್ನು ಎಲ್ಲರೂ ಕಂಡಿದ್ದೇವೆ. ಅವರು ತಡಕಾಡುತ್ತಾರೆ, ನಗಲು ನೋಡುತ್ತಾರೆ. ಸಿಕ್ಕ ಉತ್ತರದಿಂದ ರಿಪೇರಿಯೇನೂ ಆಗುವುದಿಲ್ಲ. ಅವರ ಹತ್ತಿರ ಉಳಿದ ಚೂರು ಶಕ್ತಿಯೂ ಆ ಪರೀಕ್ಷೆಗೆ ಖರ್ಚಾಗುತ್ತದೆ. ಎಲೆಕ್ಟ್ರಿಷಿಯನ್ ಕೇಳುವುದಕ್ಕೂ ಇದಕ್ಕೂ ವ್ಯತ್ಯಾಸ ಇಷ್ಟೇ, ಅವರ ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಇರುತ್ತದೆ.

ಹುಡುಕುವವರು ಸಾಮಾನ್ಯವಾಗಿ ಮರೆಯುವ ಇನ್ನೊಂದು ದಾರಿ, ಕರೆಂಟು ಹಿಂದಿರುಗುವ ದಾರಿ. ಬ್ಯಾಟರಿಯ ಪ್ಲಸ್ಸಿನಿಂದ ಹೊರಟದ್ದು ಕೆಲಸ ಮುಗಿಸಿ ಮೈನಸ್ಸಿಗೆ ಮರಳಿದರೆ ತಾನೇ ಸುತ್ತು ಪೂರ್ತಿ? ಅದಕ್ಕೆ ಬೇರೆ ವೈರಿಲ್ಲ, ವ್ಯಾನಿನ ತಗಡಿನ ಮೈಯೇ ದಾರಿ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಘಟ್ಟ ಇಳಿದರೆ ಉಪ್ಪುಗಾಳಿ. ಮೂವತ್ತು ವರ್ಷದ ತಗಡಿನಲ್ಲಿ ಎಲ್ಲಿ ಲೋಹ, ಎಲ್ಲಿ ತುಕ್ಕು ಎಂದು ಹೇಳುವುದು ಕಷ್ಟ. ಅದಕ್ಕೂ ಹೆಚ್ಚಾಗಿ, ಇಂಜಿನ್ ಕೂತಿರುವುದು ರಬ್ಬರಿನ ದಿಂಡುಗಳ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯದು, ಹಾಗಾಗಿ ಇಂಜಿನ್ನಿಗೂ ಬಾಡಿಗೂ ನಡುವೆ ತಾಮ್ರದ ಹೆಣೆದ ಪಟ್ಟಿಯೊಂದನ್ನು ಕಟ್ಟಿರುತ್ತಾರೆ. ಅದು ಕಡಿದಾಗ ಆಗುವುದು ವಿಚಿತ್ರ. ಕರೆಂಟು ಸುಮ್ಮನೆ ನಿಲ್ಲುವುದಿಲ್ಲ, ಕ್ಲಚ್ ಕೇಬಲ್ಲನ್ನೋ ಆಕ್ಸಿಲರೇಟರ್ ಕೇಬಲ್ಲನ್ನೋ ಹಿಡಿದು ಮನೆಗೆ ಮರಳಲು ನೋಡುತ್ತದೆ. ಸೆಲ್ಫ್ ಹೊಡೆದಾಗ ಆ ಕೇಬಲ್ಲು ಬಿಸಿಯಾಗುತ್ತದೆ, ಒಳಗಿನ ಪ್ಲಾಸ್ಟಿಕ್ ಕರಗಿ ಬಿಗಿಯಾಗುತ್ತದೆ. ಕ್ಲಚ್ ಕೇಬಲ್ ಪದೇ ಪದೇ ಹೋಗುತ್ತದೆ ಎಂದು ಮಾಲೀಕ ಕೇಬಲ್ ಮಾರಿದವನನ್ನು ಬೈಯುತ್ತಾನೆ. ಹಾಗೆಯೇ ಹಿಂದಿನ ಲೈಟಿನ ಅರ್ಥಿಂಗ್ ಹೋದರೆ ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕುತ್ತದೆ. ನೋವು ಒಂದು ಕಡೆ, ಗಾಯ ಇನ್ನೊಂದು ಕಡೆ. ಎಲ್ಲರೂ ಪ್ಲಸ್ಸಿನ ದಾರಿಯನ್ನೇ ಹಿಡಿದು ಹುಡುಕುತ್ತಾರೆ, ಏಕೆಂದರೆ ಕೊಡುವ ಕಡೆಯೇ ಕಾರಣ ಇರುತ್ತದೆಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ.

ರಿಪೇರಿಯಾದ ಮೇಲೂ ಕಾರಣ ತಿಳಿದಂತಾಯಿತೇ ಎಂಬ ಪ್ರಶ್ನೆ ಉಳಿಯುತ್ತದೆ. ಹೊಸ ಬ್ಯಾಟರಿ ಹಾಕಿದರು, ವ್ಯಾನು ಎದ್ದಿತು. ಆದ್ದರಿಂದ ಹಳೆಯ ಬ್ಯಾಟರಿಯೇ ದೋಷ. ನಿಜವಿರಬಹುದು. ಆದರೆ ಬ್ಯಾಟರಿ ಬದಲಿಸುವಾಗ ಕ್ಲ್ಯಾಂಪು ಬಿಚ್ಚಿ ಮತ್ತೆ ಬಿಗಿದರಲ್ಲ, ಆ ಉಜ್ಜಾಟಕ್ಕೆ ಪೊರೆ ಹರಿದಿರಬಹುದು. ಹಳೆಯ ಬ್ಯಾಟರಿಯನ್ನೇ ಬಿಚ್ಚಿ ಮತ್ತೆ ಕೂರಿಸಿದ್ದರೂ ವ್ಯಾನು ಏಳುತ್ತಿತ್ತೇನೋ. ಇಂಥ ಸಂದರ್ಭಕ್ಕೆ ನ್ಯಾಯದವರು ಒಂದು ಕತ್ತೆಯನ್ನು ಸಾಕಿಕೊಂಡಿದ್ದಾರೆ. ಕುಂಬಾರನ ಕತ್ತೆ ಮಣ್ಣು ಹೊತ್ತು ತಂದಿತು, ಆಮೇಲೆ ಗಡಿಗೆ ಹುಟ್ಟಿತು. ಕತ್ತೆ ಗಡಿಗೆಗೆ ಮೊದಲು ಬಂದದ್ದು ಹೌದು, ಆದರೆ ಗಡಿಗೆಗೆ ಕಾರಣವಲ್ಲ. ಆ ಮಣ್ಣು ಬೇರೆ ದಾರಿಯಲ್ಲೂ ಬರಬಹುದಿತ್ತು. ಇದಕ್ಕೆ ಅನ್ಯಥಾಸಿದ್ಧ ಎಂದು ಹೆಸರು. ಎಷ್ಟೋ ಗ್ಯಾರೇಜುಗಳ ಮೂಲೆಯಲ್ಲಿ ಹಾಳಾಗದೆಯೇ ಬದಲಾಯಿಸಿಕೊಂಡ ಡೈನಮೋ, ಸೆಲ್ಫ್, ಬ್ಯಾಟರಿಗಳು ಬಿದ್ದಿರುತ್ತವೆ. ಕತ್ತೆಗಳ ದೊಡ್ಡಿ ಅದು. ಸ್ಪ್ಯಾನರಿನಲ್ಲಿ ಸೆಲ್ಫಿಗೆ ಒಂದು ಪೆಟ್ಟು ಕೊಟ್ಟರೆ ವ್ಯಾನು ಏಳುವುದೂ ಸುಳ್ಳಲ್ಲ. ಸವೆದ ಕಾರ್ಬನ್ ಬ್ರಷ್ಷು ಆ ಅದುರಿಗೆ ಒಂದು ಕ್ಷಣ ಕಾಂಟ್ಯಾಕ್ಟಿಗೆ ಬರುತ್ತದೆ. ಪೆಟ್ಟು ಕೊಟ್ಟವನು ಅಂದಿನಿಂದ ಊರಲ್ಲಿ ತಜ್ಞ.

ಯಾರ ಮಾತು ನಂಬಬೇಕು ಎಂಬುದಕ್ಕೂ ಆ ಹಳಬರು ಅಳತೆಗೋಲು ಬಿಟ್ಟುಹೋಗಿದ್ದಾರೆ. ವಸ್ತುವನ್ನು ತಾನೇ ಕಂಡರಿತವನು, ಕಂಡದ್ದನ್ನು ಕಂಡಂತೆ ತಿಳಿಸುವ ಇಚ್ಛೆಯುಳ್ಳವನು ಆಪ್ತ. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದ. ಕುಲ, ವೇಷ ಯಾವುದೂ ಅದರಲ್ಲಿ ಸೇರಿಲ್ಲ. ಗ್ರೀಸು ಮೆತ್ತಿದ ಅಂಗಿಯವರ ಮಾತಿಗೆ ಪ್ರಮಾಣದ ಪಟ್ಟ ಕೊಡಲು ಇದಕ್ಕಿಂತ ಹೆಚ್ಚಿನ ಆಧಾರ ನನಗೆ ಬೇಕಿಲ್ಲ.

ಅವರ ಆಪ್ತತನ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಬಂದು ಹೋಗುವ ದೋಷದ ಮುಂದೆ. ವ್ಯಾನು ಮನೆಯಲ್ಲಿ ಏಳುವುದಿಲ್ಲ, ಅಂಗಡಿಗೆ ಎಳೆದು ತಂದರೆ ಮೊದಲ ಕೀಗೇ ಎದ್ದು ನಿಲ್ಲುತ್ತದೆ. ಮಳೆಗಾಲದ ಬೆಳಗಿನ ತೇವಕ್ಕೆ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಬೆವರು ಕಟ್ಟಿದ್ದು ಬಿಸಿಲೇರಿದಾಗ ಆರಿಹೋಗುತ್ತದೆ; ಇಂಜಿನ್ ಕಾದಾಗ ಹಿಗ್ಗಿ ಬಿಟ್ಟ ಬೆಸುಗೆ ತಣ್ಣಗಾದಾಗ ಮತ್ತೆ ಮುಟ್ಟುತ್ತದೆ. ಇದು ಇದ್ದಾಗ ಅದು ಉಂಟು, ಇದು ಇಲ್ಲದಾಗ ಅದೂ ಇಲ್ಲ ಎಂದು ಜೋಡಿಸಿ ನೋಡಲು ದೋಷ ಎದುರಿಗಿದ್ದರೆ ತಾನೇ? ಕಂಪ್ಯೂಟರ್ ಇರುವ ನಂತರದ ಓಮ್ನಿಗಳಲ್ಲಿ ಸ್ಕ್ಯಾನರ್ ಹಾಕಿದರೆ ಸೆನ್ಸರಿನ ಕೋಡು ಬಂದೀತು, ಸೆಲ್ಫಿನ ಕೇಬಲ್ಲಿನ ತುದಿಯ ಲಗ್ಗು ಸಡಿಲಾಗಿದ್ದರೆ ಅದರ ಬಗ್ಗೆ ಚಕಾರವಿಲ್ಲ. ಇಂಥ ವೇಳೆಯಲ್ಲಿ ಏನಾದರೊಂದನ್ನು ಬದಲಿಸಿ ಬಿಲ್ಲು ಕೊಡುವುದು ಸುಲಭ. ನಾನು ಹೇಳಿದ ಎಲೆಕ್ಟ್ರಿಷಿಯನ್ ಕೈ ಒರೆಸಿಕೊಂಡು ಮಾಲೀಕರಿಗೆ ಹೇಳುವುದು ಬೇರೆ: "ಈಗ ಎಲ್ಲ ಸರಿ ತೋರಿಸ್ತದೆ. ಯಾಕೆ ನಿಂತಿತ್ತು ಅಂತ ನನಗೆ ಗೊತ್ತಾಗ್ಲಿಲ್ಲ. ದುಡ್ಡು ಬೇಡ. ಇನ್ನೊಂದ್ಸಲ ನಿಂತ್ರೆ ನಿಂತಲ್ಲೇ ಬಿಡಿ ಸ್ವಾಮಿ. ದೂಡ್ಬೇಡಿ, ಟರ್ಮಿನಲ್ ಅಲ್ಲಾಡಿಸ್ಬೇಡಿ, ಯಾರ್ಗೂ ಮುಟ್ಲಿಕ್ಕೆ ಬಿಡ್ಬೇಡಿ. ಫೋನ್ ಮಾಡಿ, ನಾನೇ ಬರ್ತೇನೆ."

ಮಾಲೀಕರು ಆಗಲಿ ಎನ್ನುತ್ತಾರೆ. ಆದರೆ ಅದು ಮತ್ತೆ ನಿಲ್ಲುವುದು ಅಡಿಕೆ ಮಂಡಿಗೆ ಹೊತ್ತಾದ ದಿನ, ಅಥವಾ ಹಿಂದಿನ ಸೀಟಿನಲ್ಲಿ ಜ್ವರದ ಮಗುವನ್ನು ಮಲಗಿಸಿಕೊಂಡಾಗ. ಅಂಥ ಹೊತ್ತಿನಲ್ಲಿ ದೋಷವನ್ನು ಹಾಗೇ ಕಾಪಾಡಿ ಇಡುತ್ತೇನೆ ಎನ್ನುವ ಧೈರ್ಯ ಯಾರಿಗಿದೆ? ದಾರಿಹೋಕರನ್ನು ಕೂಗಿ ಕರೆಯುತ್ತಾರೆ, ಎಲ್ಲರೂ ಸೇರಿ ದೂಡುತ್ತಾರೆ, ಆ ಅಲುಗಾಟಕ್ಕೆ ಎಲ್ಲೋ ಏನೋ ಕೂಡಿಕೊಂಡು ವ್ಯಾನು ಎದ್ದು ಹೊರಟುಬಿಡುತ್ತದೆ.